ಎದುರಾಳಿಯ ಮನೆಯಲ್ಲಿ ಉಳಿದ ನಾಸ್ತಿಕ

ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೆಂದವನು ಚಾರ್ವಾಕ. ಅವನ ವಿಷಯವಾಗಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದು ಇಷ್ಟೇ. ಶಾಲೆಯ ಸಂಸ್ಕೃತ ಪಾಠದಲ್ಲೋ, ಹರಿಕಥೆ ದಾಸರ ಬಾಯಲ್ಲೋ, ದುಂದುವೆಚ್ಚದ ಮಗನನ್ನು ಗದರಿಸುವ ತಂದೆಯ ಮಾತಿನಲ್ಲೋ ಈ ತುಪ್ಪದ ಸಂಗತಿ ಕಿವಿಗೆ ಬಿದ್ದಿರುತ್ತದೆ. ದೇವರಿಲ್ಲ, ಪರಲೋಕವಿಲ್ಲ ಎಂದವನು ಕೊನೆಗೆ ತಲುಪುವುದು ಇಂಥ ಕಡೆಗೇ ಎಂಬ ನೀತಿಯೂ ಅದರ ಜೊತೆಗೆ ತಾನಾಗಿ ಬಂದು ಸೇರಿಕೊಳ್ಳುತ್ತದೆ.

ಈ ಮಾತನ್ನು ಲೋಕಪ್ರಸಿದ್ಧಗೊಳಿಸಿದ ಗ್ರಂಥ ನಮ್ಮ ನಾಡಿನದೇ ಎಂಬುದು ಅನೇಕರಿಗೆ ತಿಳಿದಿರಲಾರದು. ವಿಜಯನಗರ ಸಾಮ್ರಾಜ್ಯದ ಆರಂಭದ ದಿನಗಳಲ್ಲಿ, ಕ್ರಿ.ಶ. 14ನೆಯ ಶತಮಾನದಲ್ಲಿ, ಮಾಧವನೆಂಬ ವಿದ್ವಾಂಸ ‘ಸರ್ವದರ್ಶನ ಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಈತ ವಿದ್ಯಾರಣ್ಯರೇ ಎಂಬುದು ಪರಂಪರೆಯ ನಂಬಿಕೆ. ವೇದಭಾಷ್ಯಕಾರ ಸಾಯಣನ ಮಗನಿರಬೇಕೆಂಬುದು ಕೆಲವು ವಿದ್ವಾಂಸರ ಮತ. ಅಂದಿನ ವಿದ್ವತ್ ಲೋಕಕ್ಕೆ ತಿಳಿದಿದ್ದ 16 ದರ್ಶನಗಳನ್ನು ಒಂದರ ಮೇಲೊಂದಾಗಿ ಜೋಡಿಸಿ, ಒಂದರ ಮಾತನ್ನು ಇನ್ನೊಂದರಿಂದ ಖಂಡಿಸುತ್ತಾ, ಕೊನೆಗೆ ಅದ್ವೈತಕ್ಕೆ ತಲುಪುವುದು ಈ ಗ್ರಂಥದ ಕ್ರಮ. ಈ ಏಣಿಯ ತೀರ ಕೆಳಗಿನ ಮೆಟ್ಟಿಲು ಚಾರ್ವಾಕನದು. ಹಾಗಾಗಿ ಮೊದಲನೆಯ ಅಧ್ಯಾಯವೇ ಅವನಿಗೆ ಮೀಸಲು.

ಆದರೆ ಆ ಅಧ್ಯಾಯವನ್ನು ಸಾವಧಾನವಾಗಿ ಓದಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ನಮಗೆ ಪರಿಚಿತವಾದ ಆ ಶ್ಲೋಕ ಅಲ್ಲಿ ಎರಡು ಸಲ ಬರುತ್ತದೆ, ಮತ್ತು ಎರಡೂ ಸಲ ಅದು ಒಂದೇ ರೀತಿಯಾಗಿಲ್ಲ. ಅಧ್ಯಾಯದ ಆರಂಭದಲ್ಲಿ ಬರುವ ಶ್ಲೋಕದಲ್ಲಿ ತುಪ್ಪವೂ ಇಲ್ಲ, ಸಾಲವೂ ಇಲ್ಲ. ಸಾವಿನ ಕಣ್ಣು ತಪ್ಪಿಸುವವರು ಯಾರೂ ಇಲ್ಲವಾದ್ದರಿಂದ ಇರುವಷ್ಟು ಕಾಲ ಸುಖವಾಗಿ ಬಾಳಬೇಕೆಂಬುದು ಅದರ ತಾತ್ಪರ್ಯ. ಅಧ್ಯಾಯದ ಕೊನೆಗೆ ಬರುವಾಗ ಸಾವಿನ ಮಾತು ಮಾಯವಾಗಿ, ಅದೇ ಜಾಗದಲ್ಲಿ ಸಾಲದ ತುಪ್ಪ ಬಂದು ಕೂತಿರುತ್ತದೆ. ಒಂದು ಸಾಲು ಬದಲಾದದ್ದರಿಂದ ಮೃತ್ಯುವನ್ನು ಕಣ್ಣೆದುರಿಟ್ಟುಕೊಂಡು ಆಡಿದ ಮಾತು ಹೊಟ್ಟೆಬಾಕನ ಮಾತಾಗಿಬಿಟ್ಟಿದೆ.

ಇದು ಬರಿಯ ಪಾಠಾಂತರದ ಪ್ರಶ್ನೆಯಲ್ಲ. ಭಾರತದ ನಾಸ್ತಿಕ ಚಿಂತನೆಯ ಇತಿಹಾಸವನ್ನು ತಿಳಿಯಹೊರಟವರು ಹೆಜ್ಜೆಹೆಜ್ಜೆಗೂ ಎದುರಿಸುವ ಸಮಸ್ಯೆ. ಚಾರ್ವಾಕರ ಮೂಲ ಸೂತ್ರಗ್ರಂಥ ನಮಗೆ ಉಳಿದಿಲ್ಲ; ಅದರ ಮೇಲಿನ ವ್ಯಾಖ್ಯಾನಗಳೂ ಉಳಿದಿಲ್ಲ. ಉಳಿದಿರುವುದು ಅವರನ್ನು ಖಂಡಿಸಿದವರು, ಗೇಲಿ ಮಾಡಿದವರು, ಶಪಿಸಿದವರು ಬರೆದಿಟ್ಟ ಮಾತುಗಳು. ಫಿರ್ಯಾದಿಯ ದೂರು ಮಾತ್ರ ಉಳಿದು, ಆಪಾದಿತನ ಹೇಳಿಕೆ ಕಳೆದುಹೋದ ಮೊಕದ್ದಮೆ ಇದು. ನಾಸ್ತಿಕತೆ ಪಶ್ಚಿಮದಿಂದ ಬಂದ ಸರಕು ಎನ್ನುವವರೂ, ನಮ್ಮ ಪೂರ್ವಿಕರೆಲ್ಲ ವಿಚಾರವಾದಿಗಳೇ ಆಗಿದ್ದರು ಎನ್ನುವವರೂ ಈ ಕಡತವನ್ನು ಬಿಚ್ಚದೆಯೇ ತೀರ್ಪು ಕೊಡುತ್ತಾರೆ. ಕಡತದಲ್ಲಿ ನಿಜವಾಗಿ ಏನಿದೆ ಎಂಬುದನ್ನು ನೋಡುವುದು ಒಳ್ಳೆಯದು.

ನಾಸ್ತಿಕ ಎಂದರೆ ಯಾರು?

ಇಂದು ನಾವು ನಾಸ್ತಿಕ ಎಂದರೆ ದೇವರನ್ನು ನಂಬದವನು ಎಂದು ತಿಳಿಯುತ್ತೇವೆ. ಹಿಂದೆ ಈ ಪದದ ಅರ್ಥ ಹೀಗಿರಲಿಲ್ಲ. ‘ಇದೆ’ ಎನ್ನುವ ಬುದ್ಧಿಯವನು ಆಸ್ತಿಕ, ‘ಇಲ್ಲ’ ಎನ್ನುವ ಬುದ್ಧಿಯವನು ನಾಸ್ತಿಕ ಎಂದು ಪಾಣಿನಿಯ ವ್ಯಾಕರಣ ಈ ಪದಗಳನ್ನು ಸಾಧಿಸುತ್ತದೆ. ಇರುವುದು ಅಥವಾ ಇಲ್ಲದಿರುವುದು ಯಾವುದು? ವ್ಯಾಖ್ಯಾನಕಾರರು ಕೊಡುವ ಉತ್ತರ ದೇವರಲ್ಲ, ಪರಲೋಕ. ಸತ್ತ ಮೇಲೆ ಇನ್ನೊಂದು ಲೋಕವಿದೆ, ಮಾಡಿದ ಕರ್ಮಕ್ಕೆ ಅಲ್ಲಿ ಫಲವಿದೆ ಎಂದು ಒಪ್ಪದವನೇ ನಾಸ್ತಿಕ. ಮನುಸ್ಮೃತಿಯ ಹೊತ್ತಿಗೆ ಈ ಅರ್ಥ ಮತ್ತೆ ತಿರುಗಿತು. ತರ್ಕದ ಬಲದಿಂದ ಶ್ರುತಿ ಸ್ಮೃತಿಗಳನ್ನು ಕಡೆಗಣಿಸುವವನನ್ನು ಸಜ್ಜನರು ದೂರವಿಡಬೇಕೆಂದು ಹೇಳುವ ಮನು, ವೇದವನ್ನು ನಿಂದಿಸುವವನಿಗೆ ನಾಸ್ತಿಕನೆಂಬ ಹೆಸರು ಕೊಡುತ್ತಾನೆ.

ಈ ವ್ಯತ್ಯಾಸ ಮುಖ್ಯವಾದುದು. ಮನುವಿನ ಅಳತೆಗೋಲಿನಲ್ಲಿ ಜೈನರೂ ಬೌದ್ಧರೂ ನಾಸ್ತಿಕರು. ಏಕೆಂದರೆ ಅವರು ವೇದಪ್ರಾಮಾಣ್ಯವನ್ನು ಒಪ್ಪುವುದಿಲ್ಲ. ಪರಲೋಕದ ಅಳತೆಗೋಲಿನಲ್ಲಿ ಅವರಿಬ್ಬರೂ ಆಸ್ತಿಕರು. ಏಕೆಂದರೆ ಪುನರ್ಜನ್ಮ ಕರ್ಮಗಳನ್ನು ಅವರು ಬಲವಾಗಿ ನಂಬುತ್ತಾರೆ. ಇನ್ನು ದೇವರ ಅಳತೆಗೋಲನ್ನು ಹಿಡಿದರಂತೂ ಪಟ್ಟಿಯೇ ತಲೆಕೆಳಗಾಗುತ್ತದೆ. ವೇದವನ್ನು ಎತ್ತಿಹಿಡಿಯುವುದನ್ನೇ ಕಸುಬು ಮಾಡಿಕೊಂಡ ಮೀಮಾಂಸಕರಲ್ಲಿ ಅಗ್ರಗಣ್ಯನಾದ ಕುಮಾರಿಲ ಭಟ್ಟ, ಜಗತ್ತನ್ನು ಸೃಷ್ಟಿಸಿದ ಈಶ್ವರನೊಬ್ಬ ಇದ್ದಾನೆಂಬ ವಾದವನ್ನು ತನ್ನ ‘ಶ್ಲೋಕವಾರ್ತಿಕ’ದಲ್ಲಿ ಖಂಡಿಸಿದ್ದಾನೆ. ಪ್ರಾಚೀನ ಸಾಂಖ್ಯರಿಗೂ ಸೃಷ್ಟಿಯನ್ನು ವಿವರಿಸಲು ಈಶ್ವರ ಬೇಕಾಗಿರಲಿಲ್ಲ. ಆದರೂ ಇವರೆಲ್ಲ ಆಸ್ತಿಕ ದರ್ಶನಗಳ ಸಾಲಿನಲ್ಲೇ ಇದ್ದಾರೆ. ಅದೇ ಕುಮಾರಿಲ, ಮೀಮಾಂಸೆಯನ್ನು ಜನ ಬಹುಮಟ್ಟಿಗೆ ಲೋಕಾಯತವನ್ನಾಗಿ ಮಾಡಿಬಿಟ್ಟಿದ್ದಾರೆ, ಅದನ್ನು ಮರಳಿ ಆಸ್ತಿಕರ ದಾರಿಗೆ ತರುವುದು ತನ್ನ ಪ್ರಯತ್ನವೆಂದು ಗ್ರಂಥಾರಂಭದಲ್ಲೇ ಹೇಳುತ್ತಾನೆ. ಬೇಲಿ ಎಲ್ಲಿದೆ ಎಂಬುದು ಒಳಗಿದ್ದವರಿಗೇ ಅಷ್ಟು ಸ್ಪಷ್ಟವಿರಲಿಲ್ಲ ಎನ್ನೋಣ.

ಮೂರು ಅಳತೆಗೋಲುಗಳಲ್ಲಿ ಯಾವುದನ್ನು ಹಿಡಿದರೂ ನಾಸ್ತಿಕನೇ ಆಗಿ ಉಳಿಯುವವನು ಒಬ್ಬನೇ. ಅವನೇ ಚಾರ್ವಾಕ ಅಥವಾ ಲೋಕಾಯತ. ಅವನಿಗೆ ವೇದ ಪ್ರಮಾಣವಲ್ಲ, ಪರಲೋಕವಿಲ್ಲ, ಈಶ್ವರನೂ ಇಲ್ಲ.

ಪಾಯಾಸಿಯ ಪರೀಕ್ಷೆಗಳು

ಅಪನಂಬಿಕೆಯ ಸುಳಿವು ಋಗ್ವೇದದಲ್ಲೇ ಇದೆ. ಇಂದ್ರ ಎಲ್ಲಿದ್ದಾನೆ ಎಂದು ಕೇಳುವವರು, ಅವನು ಇಲ್ಲವೇ ಇಲ್ಲ ಎನ್ನುವವರು ಇದ್ದಾರೆಂದು ಎರಡನೆಯ ಮಂಡಲದ ಸೂಕ್ತವೊಂದು ತಾನಾಗಿ ಒಪ್ಪಿಕೊಂಡು, ಅಂಥವರು ಅವನನ್ನು ನಂಬಬೇಕೆಂದು ಹೇಳುತ್ತದೆ. ಆದರೆ ಹೆಸರು, ಊರು, ವಾದ ಎಲ್ಲವೂ ಇರುವ ನಾಸ್ತಿಕರು ಮೊದಲು ಕಾಣಿಸುವುದು ಬೌದ್ಧರ ಪಾಲಿ ಗ್ರಂಥಗಳಲ್ಲಿ. ಕೂದಲಿನಿಂದ ನೇಯ್ದ ಕಂಬಳಿ ಹೊದೆಯುತ್ತಿದ್ದ ಅಜಿತ ಕೇಸಕಂಬಲಿ ಅವರಲ್ಲೊಬ್ಬ. ಈತ ಬುದ್ಧನ ಸಮಕಾಲೀನ. ಮನುಷ್ಯ ನಾಲ್ಕು ಭೂತಗಳಿಂದಾದವನು, ಸತ್ತಾಗ ಮಣ್ಣು ಮಣ್ಣಿಗೆ, ನೀರು ನೀರಿಗೆ ಸೇರುತ್ತದೆ, ದಾನ ಯಜ್ಞಗಳಿಗೆ ಪರಲೋಕದಲ್ಲಿ ಫಲವಿಲ್ಲ, ಪಂಡಿತನೂ ಮೂಢನೂ ಸಾವಿನಲ್ಲಿ ಸಮಾನವಾಗಿ ಇಲ್ಲವಾಗುತ್ತಾರೆ ಎಂಬುದು ಅವನ ಬೋಧನೆ. ಗಮನಿಸಬೇಕಾದ ಸಂಗತಿಯೆಂದರೆ, ಇವನು ಭೋಗಿಯಲ್ಲ, ತಪಸ್ವಿ. ಅವನಿಗೆ ಶಿಷ್ಯರಿದ್ದರು, ಮಗಧದ ರಾಜ ಅಜಾತಶತ್ರು ಅವನನ್ನು ಕಂಡು ಮಾತಾಡಿಸಿದ್ದ.

ಇವನಿಗಿಂತ ಸ್ವಾರಸ್ಯದ ವ್ಯಕ್ತಿ ಪಾಯಾಸಿ. ಕೋಸಲದ ಸೇತವ್ಯ ಎಂಬಲ್ಲಿ ಅಧಿಪತಿಯಾಗಿದ್ದ ಈತ ಕುಮಾರ ಕಸ್ಸಪನೆಂಬ ಬೌದ್ಧ ಭಿಕ್ಷುವಿನೊಡನೆ ನಡೆಸಿದ ವಾದ ‘ದೀಘನಿಕಾಯ’ದಲ್ಲಿ ಒಂದು ಸುತ್ತವೇ ಆಗಿದೆ. ಪಾಯಾಸಿ ನಂಬದಿರುವುದಕ್ಕೆ ಕಾರಣಗಳನ್ನು ಕೊಡುತ್ತಾನೆ. ಸಾಯುವ ಸ್ಥಿತಿಯಲ್ಲಿದ್ದ ಪಾಪಿ ಬಂಧುಗಳಿಗೆ, ನರಕವಿದ್ದರೆ ಬಂದು ಹೇಳಿ ಎಂದು ಕೇಳಿಕೊಂಡಿದ್ದನಂತೆ, ಯಾರೂ ಬರಲಿಲ್ಲ. ಪುಣ್ಯವಂತ ಬಂಧುಗಳಿಗೆ ಸ್ವರ್ಗದ ಸುದ್ದಿ ತರಲು ಹೇಳಿದ್ದನಂತೆ, ಅವರೂ ಬರಲಿಲ್ಲ. ಮರಣದಂಡನೆಗೆ ಗುರಿಯಾದ ಕಳ್ಳನನ್ನು ಹಂಡೆಯಲ್ಲಿ ಕೂಡಿಸಿ, ಬಾಯಿಗೆ ಹಸಿ ಚರ್ಮ ಬಿಗಿದು, ಮಣ್ಣು ಮೆತ್ತಿ, ಒಲೆಯ ಮೇಲಿರಿಸಿ, ಅವನು ಸತ್ತ ಮೇಲೆ ಮೆಲ್ಲಗೆ ತೆರೆದು ಜೀವ ಹೊರಬರುವುದು ಕಾಣುತ್ತದೆಯೇ ಎಂದು ನೋಡಿದನಂತೆ. ಏನೂ ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗಲೂ ಸತ್ತ ಮೇಲೂ ತೂಗಿದನಂತೆ. ಜೀವ ಹೋದ ಮೇಲೆ ತೂಕ ಕಡಿಮೆಯಾಗಿರಲಿಲ್ಲ.

ಕ್ರೌರ್ಯದ ಮಾತು ಹಾಗಿರಲಿ. ಪ್ರಶ್ನೆ ಕೇಳುವ ಈ ಕ್ರಮವನ್ನು ಗಮನಿಸಬೇಕು. ನಂಬಿಕೆಯೊಂದು ನಿಜವಾಗಿದ್ದರೆ ಅದರ ಕುರುಹು ಎಲ್ಲಿ ಕಾಣಬೇಕೆಂದು ಮೊದಲು ಯೋಚಿಸಿ, ಆಮೇಲೆ ಅಲ್ಲಿ ಹುಡುಕುವ ಕ್ರಮ ಅದು. ಕಸ್ಸಪನ ಉತ್ತರಗಳೂ ಸ್ವಾರಸ್ಯವಾಗಿವೆ. ಮಲದ ಗುಂಡಿಯಲ್ಲಿ ಬಿದ್ದು ಎದ್ದು, ಮಿಂದು ಮಡಿಯುಟ್ಟವನು ಮತ್ತೆ ಗುಂಡಿಗೆ ಇಳಿಯಲು ಇಷ್ಟಪಡುತ್ತಾನೆಯೇ, ಹಾಗೆಯೇ ಸ್ವರ್ಗಕ್ಕೆ ಹೋದವರು ಇಲ್ಲಿಗೆ ಬರಲಾರರು ಎನ್ನುತ್ತಾನೆ ಆತ. ಕೊನೆಗೆ ಪಾಯಾಸಿ ಸೋಲೊಪ್ಪುತ್ತಾನೆ; ಗ್ರಂಥ ಬೌದ್ಧರದಾದ್ದರಿಂದ ಸೋಲಲೇಬೇಕು. ಆದರೆ ಅದಕ್ಕೆ ಮುನ್ನ ಅವನು ಆಡುವ ಮಾತೊಂದು ಬಹಳ ಮಾನವೀಯವಾಗಿದೆ. ಸುತ್ತಲಿನ ರಾಜರಿಗೆಲ್ಲ ತಾನು ಈ ಅಭಿಪ್ರಾಯದವನೆಂದು ಗೊತ್ತು, ಈಗ ಬಿಟ್ಟರೆ ನಗುತ್ತಾರೆ ಎಂದು ಅವನು ಸಂಕೋಚಪಡುತ್ತಾನೆ.

ಇದೇ ಕಥೆ ಜೈನಾಗಮದಲ್ಲಿ ಪಯೇಸಿ ರಾಜ ಮತ್ತು ಕೇಶಿ ಮುನಿಯ ಸಂವಾದವಾಗಿ ಬರುತ್ತದೆ. ಆ ಜಾಡು ನಮ್ಮ ಕನ್ನಡದವರೆಗೂ ಬಂದಿದೆ. ಹೊಯ್ಸಳರ ಕಾಲದ ಕವಿ ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಚಂಡಕರ್ಮನೆಂಬ ತಳವಾರ ಅಕಂಪನ ಮುನಿಯೆದುರು ಜೀವ ಬೇರೆ ದೇಹ ಬೇರೆ ಎಂಬುದನ್ನು ಒಪ್ಪದೆ, ಕಳ್ಳರ ಮೇಲೆ ತಾನು ನಡೆಸಿದ ಇಂಥದೇ ಪರೀಕ್ಷೆಗಳನ್ನು ಹೇಳುತ್ತಾನೆ. ಅವನೂ ಕೊನೆಗೆ ಒಪ್ಪುತ್ತಾನೆ. ಉತ್ತರ ಭಾರತದಲ್ಲಿ ಹುಟ್ಟಿದ ಒಂದು ಸಂಶಯ, ಸಂಶಯವನ್ನು ಗೆಲ್ಲಬೇಕೆಂದವರ ಹೆಗಲೇರಿಯೇ ಸಾವಿರಕ್ಕೂ ಮಿಕ್ಕ ವರ್ಷ ಪಯಣಿಸಿ ಕನ್ನಡ ಕಾವ್ಯಕ್ಕೆ ಬಂತು.

ರಾಕ್ಷಸನೂ ಹೌದು, ರಾಜವಿದ್ಯೆಯೂ ಹೌದು

ಇತಿಹಾಸ ಪುರಾಣಗಳಲ್ಲಿ ನಾಸ್ತಿಕನಿಗೆ ಸಿಕ್ಕ ಪಾತ್ರ ಬೇರೆ. ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿಯೆಂಬ ಬ್ರಾಹ್ಮಣ ಕಾಡಿಗೆ ಬಂದು ರಾಮನನ್ನು ಮರಳಿ ಕರೆಯುತ್ತಾನೆ. ಸತ್ತ ತಂದೆಗೆ ಕೊಟ್ಟ ಮಾತಿಗಾಗಿ ರಾಜ್ಯ ಬಿಡುವುದು ವ್ಯರ್ಥ. ಇಲ್ಲಿ ಒಬ್ಬ ಉಂಡರೆ ಅದು ಇನ್ನೊಬ್ಬನ ಹೊಟ್ಟೆ ಸೇರುವುದಾದರೆ ದೂರ ಪ್ರಯಾಣ ಹೋದವನಿಗೂ ಮನೆಯಲ್ಲೇ ಶ್ರಾದ್ಧ ಮಾಡಿ ಊಟ ಕಳಿಸಬಹುದಲ್ಲ ಎಂಬುದು ಅವನ ವಾದ. ರಾಮ ಸಿಟ್ಟಾದಾಗ ಜಾಬಾಲಿ ತಾನು ನಾಸ್ತಿಕನಲ್ಲವೆಂದೂ, ಸಮಯಕ್ಕೆ ತಕ್ಕಂತೆ ಹಾಗೆ ಮಾತಾಡಿದೆನೆಂದೂ ಹಿಂದೆಗೆಯುತ್ತಾನೆ. ಮಹಾಭಾರತದ ಶಾಂತಿಪರ್ವದಲ್ಲಿ ಚಾರ್ವಾಕ ಎಂಬ ಹೆಸರಿನವನೇ ಬರುತ್ತಾನೆ. ಅಲ್ಲಿ ಅವನು ದುರ್ಯೋಧನನ ಗೆಳೆಯನಾದ ರಾಕ್ಷಸ. ಸನ್ಯಾಸಿಯ ವೇಷದಲ್ಲಿ ಬಂದು, ಬಂಧುಗಳನ್ನು ಕೊಂದು ಪಟ್ಟವೇರುವ ಯುಧಿಷ್ಠಿರನನ್ನು ಸಭೆಯಲ್ಲೇ ಧಿಕ್ಕರಿಸುತ್ತಾನೆ. ಬ್ರಾಹ್ಮಣರ ಹುಂಕಾರದಿಂದ ಸುಟ್ಟುಹೋಗುತ್ತಾನೆ. 11ನೆಯ ಶತಮಾನದ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ ನಾಟಕದಲ್ಲಿ ಚಾರ್ವಾಕ ಮಹಾಮೋಹನೆಂಬ ರಾಜನ ಕಡೆಯವನು.

ಆದರೆ ಇದೊಂದೇ ಚಿತ್ರವನ್ನು ನಂಬಿದರೆ ನಾವು ಮೋಸ ಹೋಗುತ್ತೇವೆ. ಕೌಟಿಲ್ಯನ ಅರ್ಥಶಾಸ್ತ್ರ ರಾಜನಾದವನು ಕಲಿಯಬೇಕಾದ ವಿದ್ಯೆಗಳಲ್ಲಿ ಆನ್ವೀಕ್ಷಕಿಗೆ, ಅಂದರೆ ತರ್ಕದಿಂದ ಪರಿಶೀಲಿಸುವ ವಿದ್ಯೆಗೆ, ಬಹಳ ಗೌರವದ ಸ್ಥಾನ ಕೊಟ್ಟು, ಸಾಂಖ್ಯ ಯೋಗ ಲೋಕಾಯತ ಈ ಮೂರೂ ಆನ್ವೀಕ್ಷಕಿಯೆಂದು ಹೆಸರಿಸುತ್ತದೆ. ಲೋಕಾಯತಕ್ಕೆ ಭಾಗುರಿ ಎಂಬ ವ್ಯಾಖ್ಯಾನವಿದ್ದುದನ್ನು ಪತಂಜಲಿಯ ಮಹಾಭಾಷ್ಯ ಸಹಜವಾಗಿ, ಬೈಗುಳವಿಲ್ಲದೆ, ಉದಾಹರಿಸುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ 11ನೆಯ ಶತಮಾನದ ಶಾಸನವೊಂದು ಕಾಳಾಮುಖ ಪಂಡಿತನೊಬ್ಬನನ್ನು ಹೊಗಳುವಾಗ, ಬೌದ್ಧ ಮೀಮಾಂಸಕ ಸಾಂಖ್ಯರ ಜೊತೆಗೆ ಲೋಕಾಯತವೆಂಬ ಮಹಾವೃಕ್ಷಕ್ಕೂ ಅವನು ಗರಗಸವಾಗಿದ್ದನೆಂದು ಹೇಳುತ್ತದೆ. ಬಳ್ಳಿಗಾವೆಯ ಬೀದಿಯಲ್ಲಿ ಲೋಕಾಯತರು ಓಡಾಡುತ್ತಿದ್ದರೆಂಬುದಕ್ಕೆ ಇದು ಸಾಕ್ಷಿಯಾಗಲಾರದು. ಆದರೆ ಪಂಡಿತನೆನಿಸಿಕೊಳ್ಳಬೇಕಾದರೆ ಗೆಲ್ಲಲೇಬೇಕಾದ ಎದುರಾಳಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು ಎಂಬುದಂತೂ ಖಚಿತ. ಪೊದೆಯನ್ನು ಕಡಿಯಲು ಯಾರೂ ಗರಗಸ ತರುವುದಿಲ್ಲ.

ತೋಳದ ಹೆಜ್ಜೆ

ಹಾಗಾದರೆ ಲೋಕಾಯತರು ಹೇಳಿದ್ದೇನು? ಎದುರಾಳಿಗಳು ಅಲ್ಲಲ್ಲಿ ಉದ್ಧರಿಸಿರುವ ಸೂತ್ರಗಳನ್ನು ಒಟ್ಟುಗೂಡಿಸಿ ವಿದ್ವಾಂಸರು ಒಂದು ರೂಪುರೇಷೆ ಹಾಕಿದ್ದಾರೆ. ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕೇ ಮೂಲವಸ್ತುಗಳು. ಕಣ್ಣಿಗೆ ಕಾಣದ ಆಕಾಶವನ್ನು ಅವರು ಐದನೆಯದಾಗಿ ಸೇರಿಸಲಿಲ್ಲ. ಈ ನಾಲ್ಕರ ಕೂಟವೇ ದೇಹ. ಚೈತನ್ಯ ಅದರಲ್ಲಿ ಹುಟ್ಟುವ ಗುಣ. ಜಡದಿಂದ ಚೈತನ್ಯ ಹೇಗೆ ಹುಟ್ಟೀತು ಎಂದು ಕೇಳಿದರೆ, ಹುಳಿಬಂದ ಹಿಟ್ಟಿನಿಂದ ಮದ್ಯದ ಅಮಲು ಹುಟ್ಟುವಂತೆ ಎಂಬುದು ಅವರ ಉತ್ತರ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಿರುವ ‘ಸರ್ವಸಿದ್ಧಾಂತ ಸಂಗ್ರಹ’ದಲ್ಲಿ ಇದಕ್ಕೆ ನಮಗೆಲ್ಲ ಆಪ್ತವಾದ ಹೋಲಿಕೆಯೇ ಇದೆ. ಎಲೆ, ಅಡಿಕೆ, ಸುಣ್ಣ ಈ ಮೂರರಲ್ಲಿ ಯಾವುದೂ ಕೆಂಪಲ್ಲ. ಸೇರಿಸಿ ಜಗಿದರೆ ಬಾಯಿ ಕೆಂಪಾಗುತ್ತದೆ. ತಾಂಬೂಲ ಉಗುಳಿದ ಮೇಲೆ ಆ ಕೆಂಪು ಯಾವ ಲೋಕಕ್ಕೆ ಹೋಯಿತೆಂದು ಯಾರೂ ಕೇಳುವುದಿಲ್ಲವಲ್ಲ!

ಜ್ಞಾನದ ವಿಷಯದಲ್ಲಿ ಅವರು ಪ್ರತ್ಯಕ್ಷವನ್ನೇ ಪ್ರಮಾಣವೆಂದರು. ಈ ನಿಲುವನ್ನು ವಿವರಿಸುವ ಕಥೆಯೊಂದನ್ನು ಜೈನಾಚಾರ್ಯ ಹರಿಭದ್ರನ ‘ಷಡ್ದರ್ಶನ ಸಮುಚ್ಚಯ’ದ ವ್ಯಾಖ್ಯಾನಕಾರರು ಹೇಳುತ್ತಾರೆ. ಒಬ್ಬ ನಾಸ್ತಿಕನ ಹೆಂಡತಿ ಧರ್ಮಶ್ರದ್ಧೆಯವಳು. ಎಷ್ಟು ಹೇಳಿದರೂ ಪಂಡಿತರ ಮಾತೇ ಅವಳಿಗೆ ವೇದವಾಕ್ಯ. ಒಂದು ರಾತ್ರಿ ಅವನು ಅವಳನ್ನು ಊರ ಹೊರಗೆ ಕರೆದೊಯ್ದು, ದಾರಿಯ ಧೂಳಿನಲ್ಲಿ ಬೆರಳುಗಳಿಂದ ತೋಳದ ಹೆಜ್ಜೆಗಳನ್ನು ಮೂಡಿಸಿದ. ಬೆಳಗಾಗುತ್ತಲೇ ಊರಿನ ಬಹುಶ್ರುತರೆಲ್ಲ ಸೇರಿ, ರಾತ್ರಿ ಕಾಡಿನಿಂದ ತೋಳ ಬಂದಿತ್ತು, ಇಲ್ಲವಾದರೆ ಹೆಜ್ಜೆ ಹೇಗೆ ಮೂಡೀತು ಎಂದು ನಿಶ್ಚಯಿಸಿದರು. ನಿನ್ನ ಪಂಡಿತರನ್ನು ನೋಡಿಕೋ ಎಂದ ಗಂಡ.

ಕಥೆಯಲ್ಲಿ ನಗೆಯಿದೆ; ನಗೆಯೊಳಗೆ ಗಟ್ಟಿಯಾದ ತಾತ್ವಿಕ ಪ್ರಶ್ನೆಯೂ ಇದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಎಂಬ ನಿಯಮವನ್ನು ನಾವು ತಿಳಿದದ್ದು ಹೇಗೆ? ಎಲ್ಲ ಕಾಲದ ಎಲ್ಲ ಹೊಗೆಯನ್ನೂ ಯಾರು ನೋಡಿದ್ದಾರೆ? ಅನುಮಾನ ಪ್ರಮಾಣದ ಬುಡಕ್ಕೇ ಕೈಹಾಕುವ ಈ ಪ್ರಶ್ನೆಗೆ ಉತ್ತರ ಕೊಡಲು ನೈಯಾಯಿಕರೂ ಬೌದ್ಧ ತಾರ್ಕಿಕರೂ ಬಹಳ ಬೆವರಿಳಿಸಬೇಕಾಯಿತು. ಭಾರತೀಯ ತರ್ಕಶಾಸ್ತ್ರ ಹರಿತವಾದದ್ದರಲ್ಲಿ ಈ ಎದುರಾಳಿಯ ಪಾಲೂ ಇದೆ.

ಹೊಗೆ ಕಂಡರೂ ಬೆಂಕಿಯನ್ನು ಊಹಿಸದವನು ಒಂದು ದಿನವೂ ಬದುಕಲಾರ, ಆದ್ದರಿಂದ ಚಾರ್ವಾಕನ ಮಾತು ಹುಚ್ಚಾಟ ಎಂದು ಎದುರಾಳಿಗಳು ನಗುತ್ತಿದ್ದರು. ಆದರೆ 8ನೆಯ ಶತಮಾನದ ಬೌದ್ಧ ಪಂಡಿತ ಕಮಲಶೀಲ, ಪುರಂದರನೆಂಬ ಚಾರ್ವಾಕನ ಅಭಿಪ್ರಾಯವನ್ನು ದಾಖಲಿಸಿದ್ದಾನೆ. ಲೋಕದಲ್ಲಿ ರೂಢಿಯಿರುವ ಅನುಮಾನವನ್ನು ಚಾರ್ವಾಕರೂ ಒಪ್ಪುತ್ತಾರೆ. ಲೋಕದ ದಾರಿಯನ್ನು ದಾಟಿ, ಕಾಣದುದರ ಬಗ್ಗೆ ಮಾಡುವ ಅನುಮಾನವನ್ನು ಮಾತ್ರ ಒಪ್ಪುವುದಿಲ್ಲ ಎಂದು. ಅಂದರೆ ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಏಕೆಂದರೆ ಹೋಗಿ ನೋಡಿ ಖಚಿತಪಡಿಸಿಕೊಳ್ಳಬಹುದು. ಯಜ್ಞದಿಂದ ಸ್ವರ್ಗವನ್ನು ಊಹಿಸಲಾಗದು. ಹೀಗೆ ಅವರಲ್ಲೂ ಹಲವು ಬಗೆಯವರಿದ್ದರು. ಕಾಶ್ಮೀರದ ನೈಯಾಯಿಕ ಜಯಂತ ಭಟ್ಟ ಧೂರ್ತ ಚಾರ್ವಾಕ, ಸುಶಿಕ್ಷಿತ ಚಾರ್ವಾಕ ಎಂದು ಭೇದ ಮಾಡಿ ಹೇಳುವುದನ್ನು ನೋಡಿದರೆ, ಅವರೊಳಗೂ ವಾದ ಭಿನ್ನಾಭಿಪ್ರಾಯಗಳು ನಡೆದಿದ್ದವೆಂದು ತಿಳಿಯುತ್ತದೆ.

ತುಪ್ಪ ಎಲ್ಲಿಂದ ಬಂತು?

ಈಗ ಮತ್ತೆ ತುಪ್ಪಕ್ಕೆ ಬರೋಣ. ಚಾರ್ವಾಕರ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಕೋಲ್ಕತ್ತದ ವಿದ್ವಾಂಸ ರಾಮಕೃಷ್ಣ ಭಟ್ಟಾಚಾರ್ಯ (1947–2022) ಈ ಶ್ಲೋಕ ಎಲ್ಲೆಲ್ಲಿ ಉದ್ಧೃತವಾಗಿದೆ ಎಂಬುದನ್ನು ಸಾಲಾಗಿ ಇಟ್ಟು ನೋಡಿದರು. ಹಳೆಯ ಗ್ರಂಥಕಾರರು ಉದ್ಧರಿಸಿರುವುದು ಸಾವಿನ ಮಾತಿರುವ ರೂಪವನ್ನು. ತುಪ್ಪದ ರೂಪ ನಂತರ ಮಾಡಿದ ತಿದ್ದುಪಡಿ ಎಂಬುದು ಅವರ ತೀರ್ಮಾನ. ಆದರೆ ಜನರ ನಾಲಗೆಯಲ್ಲಿ ಉಳಿದದ್ದು ತಿದ್ದಿದ ರೂಪವೇ.

ಅದೇ ಅಧ್ಯಾಯದಲ್ಲಿ ಚಾರ್ವಾಕನ ಬಾಯಲ್ಲಿ ಬರುವ ಬೇರೆ ಮಾತುಗಳು ಹೊಟ್ಟೆಬಾಕನ ಈ ಚಿತ್ರಕ್ಕೆ ಹೊಂದುವುದಿಲ್ಲ. ಯಜ್ಞದಲ್ಲಿ ಮಾಂಸ ತಿನ್ನುವ ವಿಧಿಯನ್ನು ನಿಶಾಚರರು ಹೇಳಿದ್ದೆಂದು ಅವನು ಜರೆಯುತ್ತಾನೆ. ಬರಿಯ ನಾಲಗೆಚಪಲದವನು ಹೀಗೇಕೆ ಹೇಳಿಯಾನು? ಬಲಿಕೊಟ್ಟ ಪಶು ಸ್ವರ್ಗಕ್ಕೆ ಹೋಗುವುದಾದರೆ ಯಜಮಾನ ತನ್ನ ತಂದೆಯನ್ನೇ ಏಕೆ ಬಲಿಕೊಡಬಾರದು ಎಂಬ ಪ್ರಸಿದ್ಧ ಪ್ರಶ್ನೆಯೂ ಅಲ್ಲೇ ಇದೆ. ಇದೇ ಪ್ರಶ್ನೆಯನ್ನು ವಿಷ್ಣುಪುರಾಣ ಮಾಯಾಮೋಹನ ಬಾಯಲ್ಲಿ ಇಟ್ಟಿದೆ. ಅಲ್ಲಿ ಅವನು ಜೈನ ಬೌದ್ಧ ವೇಷಗಳಲ್ಲಿ ಅಸುರರನ್ನು ಮರುಳು ಮಾಡುವವನು. ಅಂದರೆ ಹಿಂಸೆಯ ಯಜ್ಞವನ್ನು ಪ್ರಶ್ನಿಸಿದ ಮಾತುಗಳೆಲ್ಲ ಒಂದು ಸಾಮಾನ್ಯ ಭಂಡಾರದಲ್ಲಿದ್ದವು. ಬರೆಯುವವನು ತನಗೆ ಬೇಡವಾದವರ ಹೆಸರಿಗೆ ಅವನ್ನು ಜಮಾ ಮಾಡುತ್ತಿದ್ದ.

ಸುಖದ ಬಗ್ಗೆ ಅದೇ ಅಧ್ಯಾಯ ಹೇಳುವ ಮಾತಾದರೂ ಕುಡಿದು ತೇಗುವವನದಲ್ಲ, ರೈತನದು. ಸುಖದಲ್ಲಿ ದುಃಖ ಬೆರೆತಿರುತ್ತದೆಂದು ಸುಖವನ್ನೇ ಬಿಡುವುದು ಜಾಣತನವಲ್ಲ. ಜಿಂಕೆ ಬಂದು ಮೇಯುತ್ತದೆಂದು ಭತ್ತ ಬಿತ್ತದೆ ಇರುವವರುಂಟೇ, ಭಿಕ್ಷುಕರು ಬಂದಾರೆಂದು ಒಲೆಯ ಮೇಲೆ ಪಾತ್ರೆ ಇಡದವರುಂಟೇ ಎಂಬ ವಾದ ಅದು. ದುಡಿದು ಉಣ್ಣುವವರ ವಿವೇಕ ಇದರಲ್ಲಿದೆ. ಬಹುಪಾಲು ಜನ ಈ ಮತವನ್ನೇ ಅನುಸರಿಸಿ ಬಾಳುತ್ತಿರುವುದರಿಂದಲೇ ಇದಕ್ಕೆ ಲೋಕಾಯತವೆಂಬ ಹೆಸರು ಒಪ್ಪುತ್ತದೆ, ಇದನ್ನು ಬೇರುಸಹಿತ ಕೀಳುವುದು ಕಷ್ಟ ಎಂದು ಮಾಧವನೇ ಬರೆಯುತ್ತಾನೆ.

ಓಲೆ ಉಳಿಯುವುದು ಹೇಗೆ?

ಕೀಳಲಾಗದ ಈ ಮತದ ಗ್ರಂಥಗಳು ಮಾತ್ರ ಇಲ್ಲವಾದವು. ಯಾರೋ ಸುಟ್ಟುಹಾಕಿರಬೇಕೆಂದು ಊಹಿಸುವುದು 'ಸುಲಭ'. ಆದರೆ ಹಾಗೆ ಹೇಳಲು ಆಧಾರಗಳಿಲ್ಲ. ಅಂಥ ಊಹೆಯ ಅಗತ್ಯವೂ ಇಲ್ಲ. ತಾಳೆಗರಿಯ ಓಲೆ ನಮ್ಮ ಹವೆಯಲ್ಲಿ ಶಾಶ್ವತವಲ್ಲ. ಹುಳು, ತೇವ, ಬೆಂಕಿ ಇವುಗಳಿಂದ ಕಾಪಾಡಿದರೂ ಕೆಲವು ತಲೆಮಾರುಗಳಿಗೊಮ್ಮೆ ಹೊಸ ಗರಿಗೆ ನಕಲು ಮಾಡಲೇಬೇಕು. ನಕಲು ಮಾಡಬೇಕಾದರೆ ಮಾಡಿಸುವವರು ಬೇಕು. ಬೌದ್ಧರಿಗೆ ವಿಹಾರಗಳಿದ್ದವು, ಜೈನರಿಗೆ ಬಸದಿ ಭಂಡಾರಗಳಿದ್ದವು, ವೈದಿಕರಿಗೆ ಅಗ್ರಹಾರ ಮಠಗಳಿದ್ದವು. ಗ್ರಂಥವನ್ನು ಬರೆಸಿ ದಾನ ಮಾಡಿದರೆ ಪುಣ್ಯ ಬರುತ್ತದೆಂಬ ನಂಬಿಕೆಯೂ ಇತ್ತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಪುಣ್ಯವನ್ನೇ ನಂಬದ ಮತಕ್ಕೆ ಅಂಥ ಅತ್ತಿಮಬ್ಬೆ ಎಲ್ಲಿಂದ ಬರಬೇಕು? ಮಠವಿಲ್ಲದ, ಪೂಜೆಯಿಲ್ಲದ, ದೀಕ್ಷೆಯಿಲ್ಲದ ಮತಕ್ಕೆ ಭಂಡಾರವೂ ಇಲ್ಲವಾಯಿತು.

ಈ ಕತ್ತಲೆಯಲ್ಲಿ 1926ರಲ್ಲಿ ಒಂದು ಕಿಂಡಿ ತೆರೆಯಿತು. ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ ಜಯರಾಶಿ ಭಟ್ಟನ ‘ತತ್ತ್ವೋಪಪ್ಲವಸಿಂಹ’ ಎಂಬ ಗ್ರಂಥದ ತಾಳೆಗರಿ ಪ್ರತಿ ಸಿಕ್ಕಿತು. ಎಳೆಯ ಪ್ರಾಯದಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡಿದ್ದ ಪಂಡಿತ ಸುಖಲಾಲಜಿ ಸಂಘವಿ ಅವರೂ ರಸಿಕಲಾಲ ಪರೀಖ್ ಅವರೂ ಅದನ್ನು ಸಂಪಾದಿಸಿ, 1940ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಜಯರಾಶಿ 8–9ನೆಯ ಶತಮಾನದವನು. ನ್ಯಾಯ, ಮೀಮಾಂಸೆ, ಬೌದ್ಧ, ಜೈನ, ಸಾಂಖ್ಯ ಎಲ್ಲರ ಪ್ರಮಾಣಶಾಸ್ತ್ರವನ್ನೂ ಒಂದೊಂದಾಗಿ ಎತ್ತಿಕೊಂಡು ಉರುಳಿಸುವುದು ಅವನ ಕೆಲಸ. ಚಾರ್ವಾಕರು ಹಿಡಿದುಕೊಂಡಿದ್ದ ಪ್ರತ್ಯಕ್ಷ ಪ್ರಮಾಣವನ್ನೂ ಅವನು ಬಿಡುವುದಿಲ್ಲ. ಹಾಗಾಗಿ ಅವನು ಚಾರ್ವಾಕನೋ ಅಥವಾ ಯಾರ ಕಡೆಗೂ ಸೇರದ ಸಂಶಯವಾದಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಚಾರ್ವಾಕರ ಗುರುವೆನಿಸಿದ ಬೃಹಸ್ಪತಿಯನ್ನು ಅವನು ಗೌರವದಿಂದ ನೆನೆಯುತ್ತಾನೆ. ಜೊತೆಗೆ, ದೇವಗುರುವಿಗೂ ತೋಚದ ವಾದಗಳು ತನ್ನಲ್ಲಿವೆ ಎಂದು ಹೆಮ್ಮೆಪಡುತ್ತಾನೆ.

ಅವನು ಯಾರೇ ಆಗಿರಲಿ, ಅವನ ಗ್ರಂಥ ಉಳಿದ ಜಾಗವನ್ನು ನೋಡಬೇಕು. ಜಯರಾಶಿ ಜೈನರನ್ನೂ ಬಿಡದೆ ಖಂಡಿಸಿದವನು. ಅವನ ಓಲೆಗಳನ್ನು ನಕಲು ಮಾಡಿಸಿ, ಬಟ್ಟೆಯಲ್ಲಿ ಸುತ್ತಿ, ಶತಮಾನಗಳ ಕಾಲ ಕಾಪಾಡಿದವರು ಜೈನರೇ. ಯೂರೋಪಿನಲ್ಲೂ ಹೀಗೆಯೇ ಆಯಿತು. ದೇವತೆಗಳ ಭಯದಿಂದ ಮನುಷ್ಯನನ್ನು ಬಿಡಿಸಹೊರಟ ರೋಮನ್ ಕವಿ ಲುಕ್ರೀಷಿಯಸ್‌ನ ಕಾವ್ಯ 1417ರಲ್ಲಿ ಪೋಜಿಯೋ ಬ್ರಾಚಿಯೋಲಿನಿ ಎಂಬ ಇಟಲಿಯ ವಿದ್ವಾಂಸನ ಕೈಗೆ ಸಿಕ್ಕಿದ್ದು ಕ್ರೈಸ್ತ ಮಠವೊಂದರಲ್ಲಿ.

ಪೂರ್ವಪಕ್ಷದ ಋಣ

ನಮ್ಮ ಶಾಸ್ತ್ರಕಾರರಲ್ಲಿ ಒಂದು ಕಟ್ಟುಪಾಡಿತ್ತು. ಎದುರಾಳಿಯನ್ನು ಖಂಡಿಸುವ ಮುನ್ನ ಅವನ ವಾದವನ್ನು ಪೂರ್ವಪಕ್ಷವಾಗಿ ಮಂಡಿಸಬೇಕು. ಎಷ್ಟು ಬಲವಾಗಿ ಮಂಡಿಸಿದರೆ ಗೆಲುವಿಗೆ ಅಷ್ಟು ಬೆಲೆ. ಲೋಕಾಯತರ ದನಿ ನಮಗೆ ಕೇಳಿಸುತ್ತಿರುವುದು ಈ ಕಟ್ಟುಪಾಡಿನ ಪುಣ್ಯದಿಂದ. 12ನೆಯ ಶತಮಾನದ ಈಚೆಗೆ ಹೊಸದಾಗಿ ಬರೆದ ಚಾರ್ವಾಕ ಲೇಖಕರ ಸುಳಿವು ಸಿಗುವುದಿಲ್ಲ. ಆದರೂ 14ನೆಯ ಶತಮಾನದ ಮಾಧವ ತನ್ನ ಗ್ರಂಥವನ್ನು ಅವರಿಂದಲೇ ಆರಂಭಿಸಿದ. 16ನೆಯ ಶತಮಾನದ ಕೊನೆಗೆ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಹಿಂದೂಸ್ಥಾನದ ದರ್ಶನಗಳನ್ನು ಬಣ್ಣಿಸುವಾಗ ನಾಸ್ತಿಕ ದರ್ಶನವನ್ನೂ ಸೇರಿಸಿದ. ಎದುರಾಳಿ ಸತ್ತ ಮೇಲೂ ಅವನಿಗೊಂದು ಆಸನ ಹಾಕಿಡುವ ರೂಢಿ ಇದು.

ಈ ಕಟ್ಟುಪಾಡನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಗೆಲ್ಲಬೇಕೆಂದು ಮಂಡಿಸಿದ ಪೂರ್ವಪಕ್ಷ ಪೂರ್ಣ ಪ್ರಾಮಾಣಿಕವಾಗಿರುವುದು ಕಷ್ಟ. ಚಾರ್ವಾಕನ ತಟ್ಟೆಗೆ ತುಪ್ಪ ಬಿದ್ದದ್ದು ಹಾಗೆಯೇ. ತರ್ಕದಿಂದ ಪ್ರಶ್ನಿಸುವವನನ್ನು ಸಭೆಯಿಂದ ಹೊರಗಿಡಬೇಕೆಂದ ಮನುವೂ, ಅವನನ್ನು ಸುಟ್ಟುಹಾಕಿದ ಪುರಾಣವೂ ಇದೇ ಪರಂಪರೆಯವು. ಆದರೆ ಹೊರಗಿಡುವ ದಾರಿಯೊಂದೇ ಇದ್ದಿದ್ದರೆ ಅಜಿತನಾಗಲಿ ಪಾಯಾಸಿಯಾಗಲಿ ಪುರಂದರನಾಗಲಿ ನಮಗೆ ಹೆಸರಿಗೂ ಸಿಗುತ್ತಿರಲಿಲ್ಲ. ಕರೆದು ಕೂಡಿಸಿ, ನಿನ್ನ ಮಾತೇನು ಎಂದು ಕೇಳುವ ಇನ್ನೊಂದು ದಾರಿಯೂ ಇದ್ದುದರಿಂದ ಅವರು ಉಳಿದರು.

ಮಾಧವ ಚಾರ್ವಾಕನ ಮಿತ್ರನಲ್ಲ. ಅವನ ಶ್ಲೋಕವನ್ನು ಎರಡು ರೂಪದಲ್ಲಿ ಕೇಳಿದ್ದವನು, ತನ್ನ ಖಂಡನೆಗೆ ಅನುಕೂಲವಾದ ತುಪ್ಪದ ರೂಪವನ್ನು ಮಾತ್ರ ಇಟ್ಟುಕೊಂಡು ಇನ್ನೊಂದನ್ನು ಅಳಿಸಿಬಿಡಬಹುದಿತ್ತು. ಅಳಿಸಲಿಲ್ಲ, ಎರಡನ್ನೂ ಬರೆದಿಟ್ಟ. 600 ವರ್ಷಗಳ ಮೇಲೂ ನಾವು ಕಡತವನ್ನು ಮತ್ತೆ ತೆರೆಯಲು ಸಾಧ್ಯವಾಗಿರುವುದು ಅದರಿಂದಲೇ.